ಏರಲು ಒಂದು ಮೋಡ್, ಇಳಿಯಲು ಇನ್ನೊಂದು: ಮಲೆನಾಡಿನಲ್ಲಿ ವೋಲ್ವೋ ಎಕ್ಸ್‌ಸಿ90 ಟಿ8

ಇದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಪ್ಲಗ್‌ಇನ್ ಹೈಬ್ರಿಡ್ ಗಾಡಿ, ಅಂದರೆ ಪೆಟ್ರೋಲ್‌ನಲ್ಲೂ ಓಡುತ್ತದೆ, ಮನೆಯಲ್ಲಿ ಪ್ಲಗ್ ಹಾಕಿ ಚಾರ್ಜ್ ಮಾಡಿದ ಬ್ಯಾಟರಿಯಲ್ಲೂ ಓಡುತ್ತದೆ. ಒಂದೆರಡು ಮಳೆಗಾಲ ಚೆನ್ನಾಗಿ ಓಡಿಸಿದ್ದೇನೆ. ಮನೆ ಚಿಕ್ಕಮಗಳೂರಿನಲ್ಲಿ, ತೋಟ ಆಲ್ದೂರು ಕಡೆ. ಸೀಟು, ಸ್ಪೀಕರ್, ಏರ್‌ಬ್ಯಾಗ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳುವುದು ಡ್ರೈವಿಂಗ್ ಮೋಡ್‌ಗಳ ವಿಷಯ ಮಾತ್ರ. ಎಷ್ಟೋ ಗಾಡಿಗಳಲ್ಲಿ ಮೋಡ್ ಬದಲಾಯಿಸಿದರೆ ಪರದೆಯ ಬಣ್ಣ ಬದಲಾಗುತ್ತದೆ, ಅಷ್ಟೇ. ಇದರಲ್ಲಿ ಯಾವ ಚಕ್ರಕ್ಕೆ ಬಲ ಹೋಗುತ್ತದೆ ಅನ್ನೋದೇ ಬದಲಾಗುತ್ತದೆ.

2 ಲೀಟರ್ ಪೆಟ್ರೋಲ್ ಎಂಜಿನ್ ಮುಂದಿನ ಚಕ್ರಗಳಿಗೆ, ಕರೆಂಟ್ ಮೋಟರ್ ಹಿಂದಿನ ಚಕ್ರಗಳಿಗೆ. ಎರಡನ್ನೂ ಸೇರಿಸುವ ಶಾಫ್ಟ್ ಇಲ್ಲ. ಆ ಜಾಗದಲ್ಲಿ ಬ್ಯಾಟರಿ ಕೂತಿದೆ.

ಪ್ಯೂರ್ ಮೋಡ್‌ನಲ್ಲಿ ಮೋಟರ್ ಮಾತ್ರ ಕೆಲಸ ಮಾಡುತ್ತದೆ. ಹನುಮಂತಪ್ಪ ಸರ್ಕಲ್‌ನ ಟ್ರಾಫಿಕ್‌ಗೆ ಇದಕ್ಕಿಂತ ಆರಾಮು ಬೇರೆ ಇಲ್ಲ. ಆಕ್ಸಿಲರೇಟರ್ ಸ್ವಲ್ಪ ಮಂದ ಅನ್ನಿಸುತ್ತದೆ, ಜೋರಾಗಿ ಒತ್ತಿದರೆ ಎಂಜಿನ್ ಎದ್ದೇ ಏಳುತ್ತದೆ. ನಮ್ಮ ಏರುತಗ್ಗಿನಲ್ಲಿ ಒಂದು ಚಾರ್ಜ್‌ಗೆ ಇಪ್ಪತ್ತೈದು, ಮೂವತ್ತು ಕಿಲೋಮೀಟರ್ ಬಂದರೆ ಸಾಕು ಅಂದುಕೊಳ್ಳಿ. ಬೇಲೂರಿನವರೆಗೆ ಹೋಗಬಹುದು, ವಾಪಸ್ ಪೆಟ್ರೋಲ್‌ನಲ್ಲಿ. ತೋಟದ ಗೇಟಿನಲ್ಲಿ ಮಲಗಿದ ನಾಯಿ ತಲೆಯನ್ನೂ ಎತ್ತುವುದಿಲ್ಲ. ತೋಟದ ಲೆಕ್ಕ ನೋಡುವ ರೈಟರಿಗಂತೂ ಈ ಮೋಡ್ ಸುತರಾಂ ಇಷ್ಟವಿಲ್ಲ. "ನೀವು ಬಂದದ್ದೇ ಗೊತ್ತಾಗಲ್ಲ ಸಾರ್" ಅಂತಾರೆ. ಪಾಪ, ಅವರ ಕಷ್ಟ ಅವರಿಗೆ.

ಮಳೆಗಾಲದಲ್ಲಿ ತೋಟದೊಳಗಿನ ಕೆಮ್ಮಣ್ಣಿನ ಏರು ಬಂದಾಗ ಪ್ಯೂರ್ ಸಾಲದು. ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಎಡಬ್ಲ್ಯುಡಿ ಮೋಡ್ ಹಾಕಿದ ಕೂಡಲೇ ಎಂಜಿನ್ ಶುರುವಾಗಿ ಮುಂದಿನ ಚಕ್ರಗಳು ಎಳೆಯುತ್ತವೆ, ಸ್ಟಿಯರಿಂಗ್‌ನಲ್ಲೇ ಅದು ಕೈಗೆ ಗೊತ್ತಾಗುತ್ತದೆ. ತೀರಾ ಗುಂಡಿ ಇದ್ದರೆ ಆಫ್ ರೋಡ್. ನನ್ನ ಗಾಡಿಗೆ ಏರ್ ಸಸ್ಪೆನ್ಷನ್ ಇರುವುದರಿಂದ ಅದರಲ್ಲಿ ಎತ್ತರವೂ ಏರುತ್ತದೆ.

ಪವರ್ ಮೋಡ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬಸ್ಸು ಹಿಂದೆ ಹಾಕಲು ಒಳ್ಳೆಯದು.

ನಿಜವಾದ ಆಟ ಇರುವುದು ಇಳಿಜಾರಿನಲ್ಲಿ. ಬ್ರೇಕ್ ಮೆಲ್ಲಗೆ ಒತ್ತಿದಾಗ ಮೊದಲು ಮೋಟರ್ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ, ಡಿಸ್ಕ್ ಬ್ರೇಕ್ ಕಚ್ಚುವುದು ಆಮೇಲೆ. ಆದರೆ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗ ಎಲ್ಲಿ? ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ. ಚಾರ್ಜ್ ಉಳಿಸೋಣ ಅಂತ, ಬ್ಯಾಟರಿ ಖರ್ಚಾಗದಂತೆ ಹಿಡಿದಿಡುವ ಹೋಲ್ಡ್ ಬಟನ್ ಹಾಕಿ ಬೆಟ್ಟ ಹತ್ತುವವರಿದ್ದಾರೆ. ಹಾಗೆ ಮಾಡಿದರೆ ಇಳಿಯುವಾಗ ಬರುವ ಕರೆಂಟ್ ದಂಡ, ಡಿಸ್ಕ್‌ಗೂ ಜಾಸ್ತಿ ಬಿಸಿ. ಹತ್ತುವಾಗ ಚಾರ್ಜ್ ಖರ್ಚು ಮಾಡಿ, ಇಳಿಯುವಾಗ ಗೇರ್ ಲಿವರನ್ನು ಬಿ ಸ್ಥಾನಕ್ಕೆ ತನ್ನಿ, ಆಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ಮೋಟರ್ ಗಾಡಿಯನ್ನು ಹಿಡಿದು ಕರೆಂಟ್ ಮಾಡುತ್ತದೆ. ಚಾರ್ಮಾಡಿಗೂ ಇದೇ ಲೆಕ್ಕ. ಮೂಡಿಗೆರೆಯಿಂದ ಕೊಟ್ಟಿಗೆಹಾರದವರೆಗೆ ಬ್ಯಾಟರಿ ಖಾಲಿ ಮಾಡಿಕೊಂಡು ಹೋಗಿ. ಘಾಟಿ ಇಳಿದಾಗ ಉಜಿರೆ ಪೇಟೆಯಲ್ಲಿ ಎಂಜಿನ್ ಇಲ್ಲದೆ ಓಡಾಡುವಷ್ಟು ಚಾರ್ಜ್ ಬಂದಿರುತ್ತದೆ.

ಬಿ ಇದ್ದಾಗ ಆಕ್ಸಿಲರೇಟರ್‌ನಿಂದ ಕಾಲು ಪಟ್ಟನೆ ತೆಗೆಯಬೇಡಿ. ಗಾಡಿ ಹಿಡಿದು ನಿಲ್ಲಿಸಿದಂತೆ ಆಗುತ್ತದೆ. ನಮ್ಮ ಅತ್ತೆಯವರು ಬಾಳೆಹೊನ್ನೂರು ರಸ್ತೆಯಲ್ಲಿ ನಿಂಬೆಹಣ್ಣು ಮೂಸುತ್ತಾ ಕೂರುತ್ತಿದ್ದರು. ಕಾಲನ್ನು ನಿಧಾನವಾಗಿ ಮೇಲೆತ್ತಲು ಕಲಿತ ಮೇಲೆ ಹಣ್ಣು ಬ್ಯಾಗಿನಲ್ಲೇ ಉಳಿಯುತ್ತಿದೆ.

ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಗಾಡಿ ತಾನಾಗಿ ಹೈಬ್ರಿಡ್ ಮೋಡ್‌ಗೆ ಬರುತ್ತದೆ, ಅದರಲ್ಲಿ ಎಂಜಿನ್ ಬೇಕೋ ಮೋಟರ್ ಬೇಕೋ ಅಂತ ಗಾಡಿಯೇ ನೋಡಿಕೊಳ್ಳುತ್ತದೆ. ಪ್ಯೂರ್ ಬೇಕಿದ್ದರೆ ಮತ್ತೆ ನೀವೇ ಹಾಕಬೇಕು. ಎಂಜಿನ್‌ನಿಂದಲೇ ಬ್ಯಾಟರಿ ತುಂಬಿಸುವ ಚಾರ್ಜ್ ಬಟನ್ ಕೂಡ ಇದೆ. ಪೆಟ್ರೋಲ್ ಸುಟ್ಟು ಕರೆಂಟ್ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಚಾರ್ಜಿಂಗ್ ವಿಷಯ ಒಂದಿಷ್ಟು. ರಾತ್ರಿ ಪ್ಲಗ್ ಹಾಕಿದರೆ ಬೆಳಗ್ಗೆ ಫುಲ್. ಆದರೆ ತೋಟದ ಮನೆಯ ಅರ್ತಿಂಗ್ ಸರಿ ಇರಲಿಲ್ಲ, ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ರಾಡ್ ಇಳಿಸಿದ ಮೇಲೆ ಸರಿಯಾಯಿತು. ಜೋರು ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಹೈಬ್ರಿಡ್ ಮೋಡ್ ಇದ್ದೇ ಇದೆ. ಪೂರ್ತಿ ಎಲೆಕ್ಟ್ರಿಕ್ ಬೇಡ ಅಂತ ನಾನು ಇದನ್ನು ತಗೊಂಡದ್ದೇ ಅದಕ್ಕೆ.

ಮನೆಯಲ್ಲಿ ಪ್ಲಗ್ ಹಾಕುವ ಅನುಕೂಲ ಇಲ್ಲದವರು ಪ್ಲಗ್‌ಇನ್ ಹೈಬ್ರಿಡ್ ಕಡೆ ಹೋಗಬೇಡಿ. ಎರಡು ಟನ್ ದಾಟಿದ ಗಾಡಿಯನ್ನು ಪೆಟ್ರೋಲ್ ಒಂದರಲ್ಲೇ ಎಳೆಸಬೇಕಾಗುತ್ತದೆ. ಅದರ ಬದಲು ಪ್ಲಗ್ ಬೇಡದ, ಓಡುವಾಗಲೇ ಬ್ಯಾಟರಿ ತುಂಬಿಸಿಕೊಳ್ಳುವ ಸ್ಟ್ರಾಂಗ್ ಹೈಬ್ರಿಡ್ ನೋಡಿ, ಅರ್ಧಕ್ಕಿಂತ ಕಡಿಮೆ ದುಡ್ಡಿಗೂ ಸಿಗುತ್ತದೆ.