ಹಡಗಿನ ಹಲ್‌ಗೆ ಯಾವ ಸೆನ್ಸರ್? ಫಾಯಿಲ್ ಗೇಜ್, ಎಫ್‌ಬಿಜಿ, ಬ್ರಿಲ್ಲುವಾ

ಅಲೆಗಳ ಮೇಲೆ ಹಡಗಿನ ಹಲ್, ಅಂದರೆ ಅದರ ಉಕ್ಕಿನ ಒಡಲು, ಎಷ್ಟು ಬಾಗುತ್ತಿದೆ ಅಂತ ಅಳೆಯಲು ಮೂರು ಬಗೆಯ ಸೆನ್ಸರ್‌ಗಳನ್ನು ನಾನೇ ಅಂಟಿಸಿ ನೋಡಿದ್ದೇನೆ. ಹಳೆಯ ಫಾಯಿಲ್ ಸ್ಟ್ರೇನ್ ಗೇಜ್ (ಹಿಗ್ಗಿದಾಗ ವಿದ್ಯುತ್ ರೋಧ ಬದಲಾಗುವ ತೆಳು ಲೋಹದ ಪಟ್ಟಿ), ಫೈಬರ್ ಬ್ರಾಗ್ ಗ್ರೇಟಿಂಗ್ (ಗಾಜಿನ ಎಳೆಯೊಳಗೆ ಬರೆದ, ಒಂದೇ ತರಂಗಾಂತರದ ಬೆಳಕನ್ನು ವಾಪಸು ಕಳಿಸುವ ಗುರುತು) ಅಂದರೆ ಎಫ್‌ಬಿಜಿ, ಮತ್ತೆ ಇಡೀ ಫೈಬರ್ ಎಳೆಯೇ ಸೆನ್ಸರ್ ಆಗುವ ಬ್ರಿಲ್ಲುವಾ ಪದ್ಧತಿ. ವರ್ಷಗಟ್ಟಲೆ ಹಡಗಿನಲ್ಲೇ ಇರಬೇಕು ಅಂದರೆ ನನ್ನ ಓಟು ಎಫ್‌ಬಿಜಿಗೆ. ಅದು ಜಾಸ್ತಿ ನಿಖರ ಅಂತಲ್ಲ.

ನಿಖರತೆಯಲ್ಲಿ ಫಾಯಿಲ್ ಗೇಜ್ ಏನೂ ಕಡಿಮೆ ಇಲ್ಲ. ಒಣಗಿದ ಜಾಗದಲ್ಲಿ ಎರಡನ್ನೂ ಪಕ್ಕಪಕ್ಕ ಅಂಟಿಸಿದರೆ ಎರಡರ ಗೆರೆಯೂ ಒಂದರ ಮೇಲೊಂದು ಕೂರುತ್ತದೆ. ತೊಂದರೆ ಶುರುವಾಗುವುದು ಬ್ಯಾಲಸ್ಟ್ ಟ್ಯಾಂಕಿನಲ್ಲಿ, ಅಂದರೆ ಹಡಗಿನ ತೂಕ ಸರಿದೂಗಿಸಲು ತಳದ ಕಡೆ ಸಮುದ್ರದ ನೀರು ತುಂಬುವ ತೊಟ್ಟಿಯಲ್ಲಿ. ಬಣ್ಣ ಕೆರೆದು, ಉಕ್ಕು ಹೊಳೆಯುವ ತನಕ ಉಜ್ಜಿ, ಅಸಿಟೋನ್ ಹಾಕಿ ಒರೆಸಿ, ಗೇಜಿನ ಮೇಲೆ ದಪ್ಪಗೆ ಲೇಪ ಕೊಟ್ಟರೂ ತೇವ ನುಸುಳುತ್ತದೆ. ಇನ್ಸುಲೇಷನ್ ಕೆಡುತ್ತದೆ, ಅಳತೆಯ ಸೊನ್ನೆ ಮೆಲ್ಲಗೆ ಜಾರುತ್ತದೆ. ಅಲೆಯ ಏರಿಳಿತವೇನೋ ಕಾಣುತ್ತದೆ. ಆದರೆ ಸರಕು ತುಂಬಿದ ಮೇಲೆ ಹಲ್ ಎಷ್ಟು ಬಾಗಿ ನಿಂತಿದೆ ಅನ್ನುವ ಲೆಕ್ಕವೇ ಹೋಯಿತು, ಅಲ್ವಾ?

ಈ ತೇವದ ಜಾಗಗಳನ್ನು ಬಿಟ್ಟುಬಿಡೋಣ ಅನ್ನುವ ಹಾಗಿಲ್ಲ. 2013ರ ಜೂನ್‌ನಲ್ಲಿ ಹಿಂದೂ ಮಹಾಸಾಗರದಲ್ಲಿ ಎಂಒಎಲ್ ಕಂಫರ್ಟ್ ಅನ್ನುವ ಕಂಟೇನರ್ ಹಡಗು ನಡುವೆ ಮುರಿದು ಎರಡಾಯಿತು. ತನಿಖೆಯವರು ಬೊಟ್ಟು ಮಾಡಿದ್ದು ತಳದ ತಗಡಿನ ಕಡೆಗೆ. ಡೆಕ್ ಮೇಲೆ ಮಾತ್ರ ಸೆನ್ಸರ್ ಇಟ್ಟರೆ ಅಲ್ಲಿಯ ಸುದ್ದಿ ನಮಗೆ ಪೂರ್ತಿ ಸಿಗುವುದಿಲ್ಲ.

ಎಫ್‌ಬಿಜಿ ಗೆಲ್ಲುವುದು ಇಲ್ಲೇ. ಒಳಗೆ ಹರಿಯುವುದು ಬರೀ ಬೆಳಕು. ಹಾಗಾಗಿ ಟ್ಯಾಂಕರಿನ ಟ್ಯಾಂಕಿನಲ್ಲೂ ಕಿಡಿಯ ಭಯವಿಲ್ಲ, ಜನರೇಟರ್ ಪಕ್ಕದಲ್ಲೇ ಹಾದುಹೋದರೂ ಸಿಗ್ನಲ್ ಕೆಡುವುದಿಲ್ಲ. ಗೇಜಿಗೊಂದು ತಂತಿ ಎಳೆಯುವ ಬದಲು ಒಂದೇ ಎಳೆಯಲ್ಲಿ ಹತ್ತಾರು ಗ್ರೇಟಿಂಗ್ ಕೂರಿಸಬಹುದು, ಒಂದೊಂದಕ್ಕೂ ಅದರದೇ ತರಂಗಾಂತರ. ಓದುವ ಯಂತ್ರ ಮಾತ್ರ ದುಬಾರಿ. ನಾಲ್ಕೈದು ಕಡೆ ಅಳೆದರೆ ಸಾಕು ಅನ್ನುವವರು ಸುಮ್ನೆ ಇದಕ್ಕೆ ದುಡ್ಡು ಸುರಿಯಬೇಡಿ.

ಇದರ ನಿಜವಾದ ತಲೆನೋವು ಬಿಸಿಲು. 1550 ನ್ಯಾನೊಮೀಟರ್ ಬೆಳಕಿನಲ್ಲಿ ಒಂದು ಮೈಕ್ರೊಸ್ಟ್ರೇನಿಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೆ) ಗ್ರೇಟಿಂಗ್ ವಾಪಸು ಕಳಿಸುವ ತರಂಗಾಂತರ ಸುಮಾರು 1.2 ಪಿಕೊಮೀಟರ್ ಸರಿಯುತ್ತದೆ. ಒಂದು ಡಿಗ್ರಿ ಬಿಸಿಯಾದರೆ, ಎಲ್ಲಿಗೂ ಅಂಟಿಸದ ಬಿಡಿ ಎಳೆಯಲ್ಲೇ ಅದು ಸುಮಾರು 10 ಪಿಕೊಮೀಟರ್ ಸರಿಯುತ್ತದೆ. ಉಕ್ಕಿಗೆ ಅಂಟಿಸಿದರೆ ಉಕ್ಕು ಹಿಗ್ಗುವುದೂ ಸೇರಿ, ಡಿಗ್ರಿಗೆ 20 ಮೈಕ್ರೊಸ್ಟ್ರೇನಿನಷ್ಟು ಕಾಣುತ್ತದೆ. ಡೆಕ್ ಮಧ್ಯಾಹ್ನದೊಳಗೆ 20 ಡಿಗ್ರಿ ಕಾದರೆ 400 ಮೈಕ್ರೊಸ್ಟ್ರೇನ್! ಉಕ್ಕಿನಲ್ಲಿ ಅದು 80 ಮೆಗಾಪಾಸ್ಕಲ್ ಒತ್ತಡದಂತೆ ಕಾಣುತ್ತದೆ, ಹಡಗು ಒಂದಿಷ್ಟೂ ಬಾಗದೆ. ಉಕ್ಕಿಗೆ ಹೊಂದುವ ಫಾಯಿಲ್ ಗೇಜ್ ಇದನ್ನು ಬಹುಪಾಲು ತಾನೇ ಸರಿದೂಗಿಸಿಕೊಳ್ಳುತ್ತದೆ. ಎಫ್‌ಬಿಜಿಗೆ ಪಕ್ಕದಲ್ಲೇ ಇನ್ನೊಂದು ಗ್ರೇಟಿಂಗನ್ನು ಅಂಟಿಸದೆ, ಸಣ್ಣ ಕೊಳವೆಯೊಳಗೆ ಸಡಿಲವಾಗಿ ಇಡಲೇಬೇಕು. ತಗಡಿನ ಶಾಖ ಅದಕ್ಕೂ ತಾಗುವಂತಿರಬೇಕು.

ಬ್ರಿಲ್ಲುವಾ ಚೆಂದದ ತಂತ್ರ. ಎಳೆ ಹೋದ ಉದ್ದಕ್ಕೂ ಎಲ್ಲಿ ಹಿಗ್ಗಿದೆ ಅಂತ ತೋರಿಸುತ್ತದೆ. ಆದರೆ ನಾನು ಬಳಸಿದ ಯಂತ್ರ ನಿಧಾನ, ಸುಮಾರು ಒಂದು ಮೀಟರಿನ ಸರಾಸರಿ ಕೊಡುತ್ತದೆ. ಮೂತಿ ನೀರಿಗೆ ಬಡಿದಾಗ ಹಲ್ ಗಡಗಡ ನಡುಗುತ್ತದಲ್ಲ, ಅದು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಬಂದರಿನಲ್ಲಿ ಸರಕು ತುಂಬುವಾಗ ನೋಡಲು ಸರಿ.

ಎಫ್‌ಬಿಜಿ ಹಾಕುವವರಿಗೆ ಒಂದು ಮಾತು: ಎಳೆಯ ಎರಡೂ ತುದಿಗಳನ್ನು ಹೊರಗೆ ತನ್ನಿ. ನಡುವೆ ಎಲ್ಲೋ ತುಂಡಾದರೆ, ಆಚೆಗಿನ ಗ್ರೇಟಿಂಗ್‌ಗಳನ್ನು ಇನ್ನೊಂದು ತುದಿಯಿಂದ ಓದಬಹುದು.