ಕಹಿ ತುಪ್ಪ, ಹಳದಿ ಎಣ್ಣೆ ಮತ್ತು ನನ್ನ ಇಸುಬು: ನಾಲ್ಕು ವರ್ಷದ ಲೆಕ್ಕ

ಮೊದಲು ಕಾಯಿಲೆಯ ಪರಿಚಯ. ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ, ಎರಡೂ ಕಣಕಾಲು, ಇವು ಅದರ ಠಿಕಾಣಿಗಳು. ಚಳಿಗಾಲದಲ್ಲಿ ಒಣಗಿ ಬಿರಿಯುತ್ತದೆ, ಸೆಕೆಯಲ್ಲಿ ಬೆವರು ತಗಲಿ ಉರಿಯುತ್ತದೆ, ಕೆರೆದರೆ ನೀರು ಒಸರುತ್ತದೆ. ಹಗಲು ಹೇಗೋ ಕಳೆಯುತ್ತದೆ. ಕಚೇರಿಯಲ್ಲಿ ಮೇಜಿನ ಕೆಳಗೆ ಚಪ್ಪಲಿಯ ಅಂಚಿನಿಂದ ಇನ್ನೊಂದು ಕಾಲನ್ನು ಸದ್ದಿಲ್ಲದೆ ಉಜ್ಜಿಕೊಳ್ಳುವ ವಿದ್ಯೆ ನನಗೆ ಸಿದ್ಧಿಸಿದೆ. ರಾತ್ರಿ ಎರಡು ಗಂಟೆಯ ನವೆಗೆ ಮಾತ್ರ ಯಾವ ವಿದ್ಯೆಯೂ ಸಾಲದು. ಚರ್ಮವೈದ್ಯರು ಅಟೋಪಿಕ್ ಎಕ್ಸಿಮಾ ಎಂದರು, ನಮ್ಮ ಹಿರಿಯರು ಇಸುಬು ಎನ್ನುತ್ತಿದ್ದರು. ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ವಾರದಲ್ಲಿ ಮಾಯ, ನಿಲ್ಲಿಸಿ ತಿಂಗಳಾದರೆ ಪ್ರತ್ಯಕ್ಷ. ಏಳು ವರ್ಷ ಈ ಆಟ ಆಡಿದ ಮೇಲೆ ಆಯುರ್ವೇದದ ಕಡೆ ಮುಖ ಮಾಡಿದೆ. ಅದಾಗಿ ಈಗ ನಾಲ್ಕು ವರ್ಷ.

ಅದರಲ್ಲಿ ಮೊದಲ ವರ್ಷ ಪೂರ್ತಿ ದಂಡ, ತಪ್ಪು ನನ್ನದೇ. ವೈದ್ಯರನ್ನು ಕಾಣದೆ, ‘ರಕ್ತಶುದ್ಧಿ’ ಎಂದು ಬರೆದಿದ್ದ ಶೀಶೆಗಳನ್ನೆಲ್ಲ ಮನೆಗೆ ತಂದೆ. ಮಹಾಮಂಜಿಷ್ಠಾದಿ ಕಷಾಯ, ಖದಿರಾರಿಷ್ಟ, ಬೇವಿನ ಮಾತ್ರೆ, ಗಂಧಕ ರಸಾಯನ. ನಾಲ್ಕು ತಿಂಗಳಲ್ಲಿ ನಾಲಿಗೆ ಪಳಗಿತೇ ಹೊರತು ಚರ್ಮ ಪಳಗಲಿಲ್ಲ. ಸಾಲದ್ದಕ್ಕೆ ಬೇವಿನ ಸೊಪ್ಪನ್ನು ಅರೆದು ಹಸಿ ಗಾಯದ ಮೇಲೆ ಮೆತ್ತಿಕೊಂಡೆ. ಎರಡು ದಿನ ಕಾಲು ನೆಲಕ್ಕೆ ಊರಲಾಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅಂದು ಅಕ್ಷರಶಃ ನಂಬಿದೆ. ಆಯುರ್ವೇದದ ಲೆಕ್ಕದಲ್ಲಿ ಬೇವು ರೂಕ್ಷ, ಅಂದರೆ ಒಣಗಿಸುವ ದ್ರವ್ಯ. ಮೊದಲೇ ಒಣಗಿದ ಚರ್ಮಕ್ಕೆ ಅದನ್ನು ಹೀಗೆ ಬಳಿಯುವುದಲ್ಲ ಎಂದು ತಿಳಿದದ್ದು ಆಮೇಲೆ.

ಆ ವರ್ಷದ ಇನ್ನೊಂದು ಪ್ರಕರಣವನ್ನು ಹೇಳಲೇಬೇಕು. ಪರಿಚಿತರೊಬ್ಬರು ಹೆಸರಿಲ್ಲದ ಡಬ್ಬಿಯಲ್ಲಿ ‘ಶುದ್ಧ ಗಿಡಮೂಲಿಕೆ’ ಮುಲಾಮು ತಂದುಕೊಟ್ಟರು. ಮೂರೇ ದಿನದಲ್ಲಿ ನವೆ ನಿಂತಿತು, ಐದನೆಯ ದಿನ ಚರ್ಮ ನುಣುಪಾಯಿತು. ನಾನು ಸಿಕ್ಕಸಿಕ್ಕವರಿಗೆಲ್ಲ ಆ ಡಬ್ಬಿಯ ಮಹಿಮೆ ಹೇಳಿದೆ. ಎರಡು ತಿಂಗಳಾದ ಮೇಲೆ ಡಬ್ಬಿ ಖಾಲಿಯಾಯಿತು, ಹತ್ತು ದಿನದಲ್ಲಿ ಕಾಯಿಲೆ ಮೊದಲಿನ ದುಪ್ಪಟ್ಟಾಗಿ ಮರಳಿತು. ಚರ್ಮವೈದ್ಯರು ಮಂಡಿಯ ಹಿಂದೆ ತೆಳುವಾಗಿ ಹೊಳೆಯುತ್ತಿದ್ದ ಚರ್ಮವನ್ನು ನೋಡಿ, ಇದರಲ್ಲಿ ಪ್ರಬಲ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯೇ ಹೆಚ್ಚು ಎಂದರು. ಪರೀಕ್ಷೆ ಮಾಡಿಸಲು ಡಬ್ಬಿಯಲ್ಲಿ ಏನೂ ಉಳಿದಿರಲಿಲ್ಲ. ಇಂಥದು ಹೊಸದೂ ಅಲ್ಲ: 2003ರಲ್ಲಿ ಪ್ರಕಟವಾದ ಬರ್ಮಿಂಗ್‌ಹ್ಯಾಮ್‌ನ ಅಧ್ಯಯನವೊಂದರಲ್ಲಿ ಎಕ್ಸಿಮಾಕ್ಕೆಂದು ಬಳಸುತ್ತಿದ್ದ 24 ಮೂಲಿಕೆ ಕ್ರೀಮ್‌ಗಳನ್ನು ಪರೀಕ್ಷಿಸಿದಾಗ 20ರಲ್ಲಿ ಸ್ಟೀರಾಯ್ಡ್ ಸಿಕ್ಕಿತ್ತು. ಹಾಗಾಗಿ ಮೂರು ದಿನದಲ್ಲಿ ಗುಣ ತೋರಿಸುವ ಮೂಲಿಕೆ ಮುಲಾಮನ್ನು ಕಂಡರೆ ನನಗೀಗ ಸಂತೋಷಕ್ಕಿಂತ ಅನುಮಾನ ಮೊದಲು ಬರುತ್ತದೆ.

ಎರಡನೆಯ ವರ್ಷ ಆಯುರ್ವೇದ ವೈದ್ಯೆಯೊಬ್ಬರ ಬಳಿ ಹೋದೆ. ಅವರು ನಾಡಿ ಹಿಡಿಯುವ ಮೊದಲು ಟಾರ್ಚ್ ಹಿಡಿದರು. ಕಲೆಗಳು ದುಂಡಗೆ ಅಂಚು ಕಟ್ಟಿಕೊಂಡು ಹರಡುತ್ತಿವೆಯೇ? ಬೆರಳ ಸಂದಿಯಲ್ಲಿ ತುರಿಕೆಯಿದೆಯೇ? ಮನೆಯಲ್ಲಿ ಬೇರೆ ಯಾರಾದರೂ ರಾತ್ರಿ ಕೆರೆದುಕೊಳ್ಳುತ್ತಾರೆಯೇ? ಮೊದಲನೆಯದು ಹುಳುಕಡ್ಡಿಗೆ, ಉಳಿದೆರಡು ತುರಿಕಜ್ಜಿಗೆ ಸಂಬಂಧಿಸಿದ ಪ್ರಶ್ನೆಗಳು. ಆಮೇಲೂ ಸಮಾಧಾನವಾಗದೆ, ಚರ್ಮವನ್ನು ಹೆರೆದು ಶಿಲೀಂಧ್ರವಿದೆಯೇ ಎಂದು ನೋಡುವ ಪರೀಕ್ಷೆಗೆ ಚೀಟಿ ಬರೆದರು. “ಹುಳುಕಡ್ಡಿಯಾಗಿದ್ದರೆ ನನ್ನ ಎಣ್ಣೆ ನಿಮಗೆ ಬೇಡ, ಕಜ್ಜಿಯಾಗಿದ್ದರೆ ಮನೆಮಂದಿಗೆಲ್ಲ ಒಟ್ಟಿಗೆ ಮದ್ದಾಗಬೇಕು” ಎಂದರು. ಚರಕ ಸಂಹಿತೆ ಚರ್ಮರೋಗಗಳನ್ನು ಕುಷ್ಠ ಎಂಬ ಒಂದೇ ಹೆಸರಿನಡಿ ತಂದರೂ ಅವುಗಳಲ್ಲಿ ಹದಿನೆಂಟು ಬಗೆ ಎಣಿಸುತ್ತದೆ. ಹುಳುಕಡ್ಡಿಯನ್ನು ಹೋಲುವ ದದ್ರು ಬೇರೆ, ಕಜ್ಜಿಯನ್ನು ಹೋಲುವ ಪಾಮಾ ಬೇರೆ, ನವೆಯೊಂದಿಗೆ ನೀರು ಒಸರುವ ವಿಚರ್ಚಿಕಾ ಬೇರೆ. ಎಲ್ಲ ತುರಿಕೆಗೂ ಒಂದೇ ರಕ್ತಶುದ್ಧಿ ಎಂಬ ಸಿದ್ಧಾಂತ ಆ ಗ್ರಂಥದ್ದಲ್ಲ, ಶೀಶೆಯ ಚೀಟಿಯದು. ಪರೀಕ್ಷೆಯಲ್ಲಿ ಶಿಲೀಂಧ್ರ ಕಾಣಲಿಲ್ಲ. ನನ್ನದು ವಿಚರ್ಚಿಕಾ ಎಂದು ತೀರ್ಮಾನವಾಯಿತು.

ಇನ್ನು ಕಹಿ ತುಪ್ಪದ ಕಥೆ. ವೈದ್ಯೆ ಹೇಳಿದ್ದು ಪಂಚಕರ್ಮ, ಅಂದರೆ ಆಯುರ್ವೇದದ ದೇಹಶೋಧನ ಚಿಕಿತ್ಸೆ. ಪಂಚಕರ್ಮವೆಂದರೆ ಹಣೆಯ ಮೇಲೆ ಎಣ್ಣೆ ಸುರಿಯುತ್ತ ಕಣ್ಣು ಮುಚ್ಚಿ ಮಲಗುವ ಜಾಹೀರಾತಿನ ಚಿತ್ರವಷ್ಟೇ ನನಗೆ ಗೊತ್ತಿದ್ದದ್ದು. ನನಗೆ ಸಿಕ್ಕಿದ್ದು ಸ್ನೇಹಪಾನ. ಬೇವು, ಅಮೃತಬಳ್ಳಿ, ಆಡುಸೋಗೆ ಮುಂತಾದ ಐದು ಕಹಿಗಳನ್ನು ಹಾಕಿ ಕಾಯಿಸಿದ ಪಂಚತಿಕ್ತ ಘೃತವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಮೊದಲ ದಿನ 30 ಮಿಲಿಲೀಟರ್. ಅದನ್ನು ದಿನದಿನಕ್ಕೆ ಏರಿಸುತ್ತ ಐದನೆಯ ದಿನ ಲೋಟದ ಮುಕ್ಕಾಲಿಗೆ ಮುಟ್ಟಿಸಿದರು. ಹಸಿವಾಗುವವರೆಗೆ ಬಿಸಿನೀರು ಮಾತ್ರ, ಹಸಿದರೆ ತೆಳು ಗಂಜಿ. ನಾಲ್ಕನೆಯ ದಿನ ತುಪ್ಪದ ವಾಸನೆಗೇ ಹೊಟ್ಟೆ ತೊಳಸಿತು. ಮೂಗು ಮುಚ್ಚಿಕೊಂಡು ಗುಟುಕರಿಸಿದೆ. ಆಮೇಲೆ ಮೂರು ದಿನ ಅಭ್ಯಂಗ ಮತ್ತು ಬೆವರಿಳಿಸುವ ಸ್ವೇದನ, ಮರುದಿನ ತ್ರಿವೃತ್ ಲೇಹ್ಯದಿಂದ ವಿರೇಚನ, ಅಂದರೆ ಭೇದಿ ಮಾಡಿಸುವುದು. ಅಂದು ನನ್ನ ಕೆಲಸ ಎಷ್ಟು ಸಲ ಹೋದೆನೆಂದು ಗೀಟು ಹಾಕುವುದು. ಹದಿನಾಲ್ಕು ಗೀಟಾದವು. ನಂತರ ಐದು ದಿನ ಗಂಜಿಯಿಂದ ಹಂತಹಂತವಾಗಿ ಅನ್ನಕ್ಕೆ ಮರಳುವ ಪಥ್ಯ. ಎರಡು ವಾರ ರಜೆ ಹಾಕದೆ ಇದು ಆಗುವ ಕೆಲಸವಲ್ಲ. ಗರ್ಭಿಣಿಯರು, ಹೃದಯದ ತೊಂದರೆಯಿರುವವರು, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ನನ್ನ ಮಾತು ಕೇಳಿ ಇದಕ್ಕೆ ಕೈ ಹಾಕಬಾರದು.

ಫಲ? ಆ ವರ್ಷ ಐದು ತಿಂಗಳು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಅದಕ್ಕೂ ಮೊದಲು ಮುಲಾಮಿಲ್ಲದೆ ಆರು ವಾರ ದಾಟಿದ ನೆನಪಿಲ್ಲ. ಮರುವರ್ಷ ಅದೇ ತುಪ್ಪ, ಅದೇ ಗೀಟು, ಆದರೆ ಎರಡೇ ತಿಂಗಳ ಬಿಡುವು. ಹಾಗಾದರೆ ಮೊದಲ ಸಲದ ಪುಣ್ಯ ತುಪ್ಪದ್ದೋ, ಕಚೇರಿಯಿಂದ ದೂರವಿದ್ದ ಎರಡು ವಾರದ್ದೋ, ಎಕ್ಸಿಮಾ ತಾನಾಗಿ ಏರಿಳಿಯುವ ಸ್ವಭಾವದ್ದೋ? ಮೂರನೆಯ ಸಲ ನಾನು ಒಪ್ಪಲಿಲ್ಲ.

ನಾಲ್ಕು ವರ್ಷದಲ್ಲಿ ನಿಜಕ್ಕೂ ಉಳಿದುಬಂದದ್ದು ಅತ್ಯಂತ ಸಪ್ಪೆಯಾದ ಭಾಗ: ಸ್ನಾನ ಮತ್ತು ಎಣ್ಣೆ. ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರು, ಸಾಬೂನಿನ ಬದಲು ಹೆಸರುಹಿಟ್ಟು, ಮೈ ಪೂರ್ತಿ ಒಣಗುವ ಮೊದಲೇ ನಾಲ್ಪಾಮರಾದಿ ತೈಲ. ಅತ್ತಿ, ಅರಳಿ, ಆಲ, ಬಸರಿ, ಈ ನಾಲ್ಕು ಮರಗಳ ತೊಗಟೆಯೂ ಅರಿಶಿನವೂ ಸೇರಿದ ಎಣ್ಣೆ ಅದು. ಚರ್ಮವೈದ್ಯರಿಗೆ ಹೇಳಿದಾಗ ಅವರು ನಕ್ಕು, ನಾನು ಏಳು ವರ್ಷದಿಂದ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ, ಒದ್ದೆ ಮೈಗೆ ತೇವ ಕಾಯುವ ಲೇಪ ಹಚ್ಚಿ ಎಂದು, ಎಂದರು. ನಿಜ, ಹೇಳಿದ್ದರು. ಐದು ನಿಮಿಷದ ಭೇಟಿಯ ಕೊನೆಯಲ್ಲಿ ಹೇಳಿದ್ದರು. ವೈದ್ಯೆ ಅರ್ಧ ಗಂಟೆ ಕೂರಿಸಿಕೊಂಡು, ಹಚ್ಚುವ ಬಗೆಯನ್ನು ಕೈಯಾರೆ ತೋರಿಸಿದ್ದರಿಂದ ಮನಸ್ಸಿಗೆ ಇಳಿಯಿತು. ಒಸರುವ ಜಾಗಕ್ಕೆ ಮಾತ್ರ ಎಣ್ಣೆ ಬೇಡ ಎಂದಿದ್ದಾರೆ, ಅದನ್ನು ಪಾಲಿಸುತ್ತೇನೆ.

ಪಥ್ಯದ ಪಟ್ಟಿ ಉದ್ದವಾಗಿತ್ತು. ರಾತ್ರಿ ಮೊಸರು, ಬದನೆ, ಒಣಮೀನು, ಹುಳಿ, ಹಾಲಿನೊಂದಿಗೆ ಮೀನು, ಎಲ್ಲಕ್ಕೂ ಅಡ್ಡಗೆರೆ. ಎಂಟು ತಿಂಗಳು ದಿನಚರಿ ಬರೆದು ಒಂದೊಂದಾಗಿ ಬಿಟ್ಟು, ಸೇರಿಸಿ ನೋಡಿದೆ. ಬದನೆ ನಿರಪರಾಧಿ. ಮೊಸರಿನ ಮೇಲೆ ಸಾಕ್ಷ್ಯ ಸಿಗಲಿಲ್ಲ. ನಿದ್ದೆಗೆಟ್ಟ ರಾತ್ರಿಯ ಮರುದಿನ ಮಾತ್ರ ತಪ್ಪದೆ ಕೆರಳುತ್ತಿತ್ತು, ಅದು ಪಟ್ಟಿಯಲ್ಲೇ ಇರಲಿಲ್ಲ.

ಒಂದು ಕಡೆ ನಾನು ಹಟ ಹಿಡಿದೆ. ಆರೋಗ್ಯವರ್ಧಿನಿ ಗುಳಿಗೆ ಬರೆದಾಗ ಅದರಲ್ಲಿ ಪಾದರಸವಿದೆಯೇ ಎಂದು ಕೇಳಿದೆ. ಇದೆ, ಶೋಧಿಸಿ ಗಂಧಕದೊಂದಿಗೆ ಅರೆದ ಕಜ್ಜಲಿಯ ರೂಪದಲ್ಲಿ ಎಂದರು. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ 2008ರ ಅಮೆರಿಕದ ಅಧ್ಯಯನದಲ್ಲಿ ಸುಮಾರು ಐದನೆಯ ಒಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿದ್ದನ್ನು ಓದಿದ್ದೆ. ತಿಂಗಳುಗಟ್ಟಲೆ ನುಂಗುವ ಮದ್ದಿನಲ್ಲಿ ಅದು ಬೇಡವೆಂದೆ. ಅವರು ಬೇಸರಿಸದೆ ಬರೀ ಮೂಲಿಕೆಯ ಕಷಾಯಕ್ಕೆ ಬದಲಿಸಿದರು. ಕೇಳದಿದ್ದರೆ ಹೇಳುತ್ತಿದ್ದರೇ? ಇಲ್ಲವೆಂದೇ ನನ್ನ ಭಾವನೆ, ಅದಕ್ಕೆ ಅಂಕ ಕಳೆಯುತ್ತೇನೆ.

ಅಂಕವೆಂದರೆ: ವೈದ್ಯೆಯ ಭೇಟಿಗೆ ಹತ್ತಕ್ಕೆ ಎಂಟು, ಎಣ್ಣೆಗೆ ಏಳು, ತುಪ್ಪಕ್ಕೆ ಐದು, ನಾನೇ ಕೊಂಡ ಶೀಶೆಗಳಿಗೆ ಒಂದು. ಇಸುಬು ಹೋಗಿಲ್ಲ. ವರ್ಷಕ್ಕೆ ಎಂಟು ಹತ್ತು ಸಲ ಕೆರಳುತ್ತಿದ್ದದ್ದು ಈಗ ಎರಡೋ ಮೂರೋ ಸಲ. ಆಗ ಚರ್ಮವೈದ್ಯರು ಬರೆದುಕೊಟ್ಟ ಮುಲಾಮನ್ನೇ ಐದಾರು ದಿನ ಹಚ್ಚುತ್ತೇನೆ, ಅದು ಇಬ್ಬರು ವೈದ್ಯರಿಗೂ ಗೊತ್ತಿದೆ. ಎಣ್ಣೆಯ ಬಗ್ಗೆ ಒಂದು ದೂರು ಬಾಕಿ: ಅದರ ಅರಿಶಿನ ಹಾಸಿಗೆಗೆ ಅಂಟಿದರೆ ಬಿಡುವುದಿಲ್ಲ. ಹಚ್ಚಿದ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿಕೊಂಡು ಮಲಗಿ.