ಎರಡೂ ನೀರಿಗೆ ಒಂದೇ ರೀಲು: ಎರಡು ವರ್ಷದ ಬಳಕೆಯ ನಂತರ

ಹೊಳೆ, ಕೆರೆ, ಸಮುದ್ರ ಎಲ್ಲಕ್ಕೂ ಸಲ್ಲುತ್ತದೆ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದ ಮೀನು ಹಿಡಿಯುವ ಒಂದು ಸ್ಪಿನ್ನಿಂಗ್ ರಾಡು (ಗಾಳದ ಕೋಲು) ಮತ್ತು ರೀಲಿನ (ದಾರ ಸುತ್ತುವ ಗಾಲಿ) ಜೋಡಿಯನ್ನು ಎರಡು ವರ್ಷಗಳ ಹಿಂದೆ 3,200 ರೂಪಾಯಿ ಕೊಟ್ಟು ತರಿಸಿಕೊಂಡಿದ್ದೆ. ರಾಡು 7 ಅಡಿ ಉದ್ದದ, ಎರಡು ತುಂಡಿನ ಫೈಬರ್ ಗ್ಲಾಸಿನದು. ರೀಲು 4000 ಎಂಬ ನಡುಗಾತ್ರದ ಅಳತೆಯದು. ನನ್ನ ವಾಸ ಶಿವಮೊಗ್ಗದಲ್ಲಿ, ಹೆಂಡತಿಯ ತವರು ಕರಾವಳಿಯ ಗಂಗೊಳ್ಳಿಯ ಕಡೆ. ಹೀಗಾಗಿ ಇದೊಂದೇ ರೀಲು ತುಂಗೆಯ ದಡವನ್ನೂ ಕಂಡಿದೆ, ಪಂಚಗಂಗಾವಳಿಯ ಅಳಿವೆಯನ್ನೂ ಕಂಡಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ಬೆಲೆಯ ಇನ್ನೂ ಎರಡು ರೀಲುಗಳನ್ನು ಗೆಳೆಯರಿಗಾಗಿ ಬಿಚ್ಚಿ ನೋಡಿದ್ದೇನೆ. ಹೊರಗಿನ ಬಣ್ಣ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಅದೇ.

ಸಿಹಿನೀರಿನಲ್ಲಿ ಈ ಜೋಡಿಯ ಬಗ್ಗೆ ದೂರು ಹೇಳಲು ನನ್ನಲ್ಲಿ ಏನೂ ಇಲ್ಲ. ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು, ಗಾಜನೂರಿನ ಹಿನ್ನೀರಿನ ಅಂಚಿನಲ್ಲಿ ರಾಗಿ ಹಿಟ್ಟಿಗೆ ಸ್ವಲ್ಪ ಹಿಂಡಿ ಬೆರೆಸಿ ಬೇಯಿಸಿದ ಉಂಡೆಯನ್ನು ಕೊಕ್ಕೆಗೆ ಕಟ್ಟಿ ಎಸೆದರೆ, 0.30 ಮಿಲಿಮೀಟರಿನ ನೈಲಾನ್ ದಾರ ತೊಡಕಿಲ್ಲದೆ ಹರಿದು ಹೋಗುತ್ತದೆ. ರೋಹು ಉಂಡೆಯನ್ನು ಮೊದಲು ಮೂಸಿ, ಚೂರು ಚೂರೇ ಮುಕ್ಕಿ, ಆಮೇಲಷ್ಟೇ ನುಂಗುತ್ತದೆ. ಆ ಮುಕ್ಕುವಿಕೆ ರಾಡಿನ ತುದಿಯಲ್ಲಿ ಎರಡು ಸಣ್ಣ ನಡುಕವಾಗಿ ಕಾಣಿಸುತ್ತದೆ. ಗ್ಲಾಸಿನ ರಾಡು ತೂಕದ್ದಾದರೂ ಈ ನಡುಕವನ್ನು ಮುಚ್ಚಿಡುವುದಿಲ್ಲ. ನಾಲ್ಕು ಕಿಲೋ ತೂಗಿದ ಒಂದು ಕಾಟ್ಲಾ ಎರಡು ಬಾರಿ ನೇರವಾಗಿ ಆಳಕ್ಕೆ ಎಳೆದಾಗಲೂ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಡುವ ಬ್ರೇಕು) ಜರ್ಕಿಲ್ಲದೆ, ಒಂದೇ ಸಮನೆ ದಾರ ಬಿಟ್ಟುಕೊಟ್ಟಿತು. ಮನೆಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಮೂಲೆಯಲ್ಲಿಟ್ಟರೆ ಮುಗಿಯಿತು. ಮೊದಲ ವರ್ಷವಿಡೀ ನಾನು ಅದಕ್ಕೆ ಒಂದು ಹನಿ ಎಣ್ಣೆಯನ್ನೂ ತೋರಿಸಲಿಲ್ಲ.

ಉಪ್ಪುನೀರಿನ ಕಥೆಯೂ ಚೆನ್ನಾಗಿಯೇ ಶುರುವಾಯಿತು. ಮೊದಲ ದಿನವೇ ಉಬ್ಬರದ ನೀರು ಏರುತ್ತಿದ್ದಾಗ ಜೀವಂತ ಸಿಗಡಿಗೆ ಒಂದು ಕೆಂಬೇರಿ ಮೀನು ಬಿತ್ತು. ರೋಹುವಿನ ನಯನಾಜೂಕು ಅದಕ್ಕಿಲ್ಲ. ಬಾಯಿ ಹಾಕಿದ ಕ್ಷಣದಲ್ಲೇ ಕಲ್ಲಿನ ಸಂದಿಗೆ ತಿರುಗಿಕೊಳ್ಳುತ್ತದೆ, ಮೊದಲ ಮೂರು ಸೆಕೆಂಡಿನಲ್ಲಿ ತಡೆಯದಿದ್ದರೆ ದಾರವೂ ಇಲ್ಲ, ಮೀನೂ ಇಲ್ಲ. ಇದಕ್ಕೆ ಡ್ರ್ಯಾಗನ್ನು ಬಲವಾಗಿ ಬಿಗಿಯಬೇಕು, ಹಾಗೆ ಬಿಗಿದಾಗ ಈ ರೀಲಿನ ದೇಹ ತುಸು ತಿರುಚಿಕೊಳ್ಳುವುದು ಕೈಗೇ ತಿಳಿಯುತ್ತದೆ. ಆದರೂ ಮೀನು ಬಂತು, ನಾನೂ ಬೀಗಿದೆ.

ನಾಲ್ಕನೆಯ ಪ್ರವಾಸದ ಹೊತ್ತಿಗೆ ದಾರವನ್ನು ರೀಲಿಗೆ ಸುತ್ತಿಸುವ ಬೇಲ್ ತಂತಿಯ ಬುಡದಲ್ಲಿ ಹಲ್ಲುಪುಡಿಯಂತಹ ಬಿಳಿ ಪದರ ಕೂತಿತ್ತು, ಹಿಡಿಕೆಯ ಸ್ಕ್ರೂ ತಿರುಗಲು ಒಪ್ಪುತ್ತಿರಲಿಲ್ಲ. ದಾರ ಹಾದುಹೋಗುವ ಪುಟ್ಟ ರೋಲರ್ ಸಿಕ್ಕಿಕೊಂಡದ್ದನ್ನು ಮಾತ್ರ ನಾನು ಗಮನಿಸಲೇ ಇಲ್ಲ. ಅದು ತಿರುಗದಿದ್ದರೆ ದಾರ ಅದರ ಮೇಲೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಇಳಿತ ಶುರುವಾಗುವ ಹೊತ್ತಿನಲ್ಲಿ ಒಂದು ಭಾರಿ ಮೀನು ಬೂತಾಯಿ ಮೀನಿನ ತುಂಡನ್ನು ನುಂಗಿ ಅಳಿವೆಯ ಬಾಯಿಯ ಕಡೆಗೆ ಓಡಿತು. ಡ್ರ್ಯಾಗ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಟಕಟನೆ ಸದ್ದು ಮಾಡಿತು, ದಾರ ತುಂಡಾಯಿತು. ತುಂಡಾದ ತುದಿ ಬೆಂಕಿಗೆ ಹಿಡಿದ ಕೂದಲಿನಂತೆ ಸುರುಟಿಕೊಂಡಿತ್ತು. ಮೀನು ಯಾವುದೆಂದು ಇಂದಿಗೂ ಗೊತ್ತಿಲ್ಲ. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ ಕುರುಡಿ ಮೀನು ಎಂದು ತೀರ್ಪು ಕೊಟ್ಟರು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಹರಳಾಗಿ ಬೇರಿಂಗಿನಲ್ಲೇ ಉಳಿದು, ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಕೆಲಸ ಶುರು ಮಾಡುತ್ತದೆ. ದಾರ ಸುತ್ತುವ ಅಲ್ಯೂಮಿನಿಯಮ್ಮಿನ ಸ್ಪೂಲೂ ಉಕ್ಕಿನ ಸ್ಕ್ರೂವೂ ಒಂದಕ್ಕೊಂದು ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಮ್ ಕರಗುತ್ತಾ ಹೋಗುತ್ತದೆ. ನಾನು ಕಂಡ ಬಿಳಿ ಪುಡಿಯಲ್ಲಿ ಇದರ ಪಾಲೂ ಇತ್ತು. ಕಡಲಿಗೆಂದೇ ಮಾಡಿದ ರೀಲುಗಳಲ್ಲಿ ಸಾಮಾನ್ಯವಾಗಿ ಬೇರಿಂಗುಗಳಿಗೆ ಮುಚ್ಚಳ, ಡ್ರ್ಯಾಗಿಗೆ ರಬ್ಬರಿನ ಸೀಲು ಇರುತ್ತವೆ. ಇದರಲ್ಲಿ ಎರಡೂ ಇಲ್ಲ. ನನ್ನ ತಪ್ಪೂ ಇದೆ: ಮನೆಗೆ ಬಂದವನು ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆಯುತ್ತಿದ್ದೆ, ಅದರಿಂದ ಉಪ್ಪು ಇನ್ನಷ್ಟು ಒಳಕ್ಕೇ ಹೋಯಿತು. ಡ್ರ್ಯಾಗನ್ನು ಪೂರ್ತಿ ಬಿಗಿದು, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ, ಒರೆಸಿ, ಬಳಿಕ ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ಒಣಗಿಸಿ, ರೋಲರಿಗೆ ಒಂದು ಹನಿ ಎಣ್ಣೆ ಬಿಡಬೇಕು. ಡಬ್ಬಿಯಲ್ಲಿದ್ದ ಕಾಗದದಲ್ಲಿ ಇದರ ಬಗ್ಗೆ ಒಂದಕ್ಷರವಿರಲಿಲ್ಲ.

ವಿಚಿತ್ರವೆಂದರೆ ಮಳೆಗಾಲದಲ್ಲಿ ಅದೇ ಅಳಿವೆ ರೀಲಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ಆಷಾಢದಲ್ಲಿ ಘಟ್ಟದಿಂದ ಸೌಪರ್ಣಿಕೆ, ಚಕ್ರಾ, ವಾರಾಹಿಯ ಕೆಂಪು ನೀರು ಇಳಿದು ಬರುವಾಗ ಅಲ್ಲಿ ಉಪ್ಪಿನಂಶ ಬಹಳ ಕಡಿಮೆಯಾಗಿರುತ್ತದೆ. ಮಾರ್ಚಿನಲ್ಲಿ ಅದೇ ಕಲ್ಲಿನ ಮೇಲೆ ನಿಂತರೆ ತುಟಿಗೆ ಉಪ್ಪು ಹತ್ತುತ್ತದೆ. ಸಿಹಿನೀರು, ಉಪ್ಪುನೀರು ಎಂದು ಡಬ್ಬಿಯ ಮೇಲೆ ಬರೆಯುವವರಿಗೆ ಈ ನಡುವಿನ ನೀರು ಗೊತ್ತಿದ್ದಂತಿಲ್ಲ.

ಈ ಜೋಡಿಯನ್ನು ಕೊಳ್ಳಬಹುದೇ ಎಂಬುದು ಕೊಳ್ಳುವವರು ಯಾವ ನೀರಿನ ಮನುಷ್ಯರು ಎಂಬುದರ ಮೇಲೆ ನಿಂತಿದೆ, ಮತ್ತು ಅದನ್ನು ನಿರ್ಧರಿಸುವುದು ಬಹುತೇಕ ನಾಲಿಗೆ. ನನ್ನ ಭಾವಮೈದುನನಿಗೆ ಕೆರೆಯ ಮೀನೆಂದರೆ ಕೆಸರಿನ ವಾಸನೆ, ಹುರಿದ ಕಾಣೆ ಮೀನಿನ ಮುಂದೆ ಕಾಟ್ಲಾವನ್ನು ಆತ ಮೀನಿನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಲೆನಾಡಿನ ನನ್ನ ಗೆಳೆಯರಿಗೆ ಬೇಕಾದದ್ದು ಮೀನಿಗಿಂತ ಹೆಚ್ಚಾಗಿ ಮರದ ನೆರಳು, ಫ್ಲಾಸ್ಕಿನ ಕಾಫಿ ಮತ್ತು ಅಲ್ಲಾಡದ ಬೆಂಡು. ಕಡಲಿನವರಿಗೆ ಗಡಿಯಾರ ಬೇಕು, ಏಕೆಂದರೆ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕೆರೆಯವರಿಗೆ ಬೇಕಾದದ್ದು ಕೆರೆಯ ಮೀನಿನ ಹರಾಜು ಹಿಡಿದವರ ಒಪ್ಪಿಗೆ. ಹೊಳೆಯವರು ಶೃಂಗೇರಿ ಮತ್ತು ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂತಹ ಮತ್ಸ್ಯಧಾಮಗಳನ್ನು ದೂರದಿಂದಲೇ ಕೈಮುಗಿದು ದಾಟಬೇಕು. ನಾನು ನನ್ನ ಮಟ್ಟಿಗೆ ಹೊಳೆಯವನು. ಆದರೆ ಆ ಕೆಂಬೇರಿಯ ಮೂರು ಸೆಕೆಂಡಿಗೆ ಸಮನಾದದ್ದನ್ನು ತುಂಗೆ ನನಗೆ ಇನ್ನೂ ಕೊಟ್ಟಿಲ್ಲ.

ಕೆರೆ, ಹೊಳೆ, ಹಿನ್ನೀರಿಗೆ ಈ ಜೋಡಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಪ್ಪುನೀರಿಗೆ ಒಂದೂವರೆ, ಆ ಅರ್ಧ ಅಂಕ ರಾಡಿಗೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಕರಾವಳಿಗೆ ಹೋಗುವವರು, ಅದೇ ರಾತ್ರಿ ತೊಳೆದು ಒಣಗಿಸುವ ತಾಳ್ಮೆಯಿದ್ದರೆ, ಇದರಲ್ಲೇ ಕಾಲ ತಳ್ಳಬಹುದು. ನಾನು ರೋಲರಿನ ಬೇರಿಂಗನ್ನು 180 ರೂಪಾಯಿಗೆ ಬದಲಾಯಿಸಿ ರೀಲನ್ನು ಶಿವಮೊಗ್ಗದಲ್ಲೇ ಇಟ್ಟುಕೊಂಡಿದ್ದೇನೆ; ಗಂಗೊಳ್ಳಿಗೆ ಈಗ ರಾಡು ಮಾತ್ರ ಹೋಗುತ್ತದೆ, ರೀಲು ಭಾವಮೈದುನನದು.